ಡಾಕ್ಟರ ತಾಯಿ ನಡೆಯಬಾರದು

ಎಂಬತ್ತರ ದಶಕದಲ್ಲಿ, ಬಂಗಾರಪೇಟೆಯ ರೈಲ್ವೆ ಗೇಟಿನ ಆಚೆ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದೆ. ಯಾವ ರೋಗಿಗೆ ‘ದಿನಾ ನಡೆಯಿರಿ’ ಎಂದು ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ಅವರ ಕಾಲು ನೋಡಿ ತೀರ್ಮಾನ ಮಾಡುತ್ತಿದ್ದೆ. ಕಾಲು ಎಂದರೆ ಕಾಲಲ್ಲ, ಕಾಲಿಗೆ ಹಾಕಿಕೊಂಡದ್ದು. ಬೂಟಿನವರಿಗೆ ನಡಿಗೆ, ಹವಾಯಿ ಚಪ್ಪಲಿಯವರಿಗೆ ಮಾತ್ರೆ, ಬರಿಗಾಲಿನವರಿಗೆ ಸೂಜಿ. ಮೆಡಿಕಲ್ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನದೇ ಸ್ವಂತ ಸಂಶೋಧನೆ.

ಬೂಟಿನವರಲ್ಲಿ ನನಗೆ ಪ್ರಿಯರಾದವರು ಒಬ್ಬ ಅಕ್ಕಿ ಗಿರಣಿ ಯಜಮಾನರು. ಮನೆಯಿಂದ ಗಿರಣಿಗೆ ಕಾರು, ಗಿರಣಿಯಿಂದ ಆಸ್ಪತ್ರೆಗೆ ಕಾರು, ಕಾರಿನಿಂದ ನನ್ನ ಕುರ್ಚಿಯವರೆಗೆ ಮಾತ್ರ ಸ್ವಂತ ಕಾಲು. ಅವರಿಗೆ ನಾನು ‘ದಿನಾ ಒಂದು ಗಂಟೆ ವಾಕಿಂಗ್ ಮಾಡಿ’ ಎಂದಾಗ ಅವರ ಮುಖ ನೋಡಬೇಕಿತ್ತು. ಬಿರುದು ಕೊಟ್ಟ ಹಾಗೆ ಅರಳಿತು. ಮಾರನೆಯ ದಿನವೇ ಬಿಳಿ ಕ್ಯಾನ್ವಾಸ್ ಬೂಟು, ಕೈಗೊಂದು ಬೆತ್ತ ಬಂತು. ‘ಡಾಕ್ಟ್ರು ನನಗೆ ವಾಕಿಂಗ್ ಹೇಳಿದಾರೆ’ ಎಂದು ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಸ್ಟೇಷನ್ನಿನ ತನಕ ನಡೆದು, ಅಲ್ಲಿ ಎರಡು ಮಸಾಲೆ ದೋಸೆ ತಿಂದು, ಜಟಕಾ ಹಿಡಿದು ಮನೆಗೆ ಬರುತ್ತಿದ್ದರು. ಆರು ತಿಂಗಳಲ್ಲಿ ತೂಕ ಹೆಚ್ಚಾಯಿತು. ನನ್ನ ಮೇಲಿನ ಗೌರವವೂ ಹೆಚ್ಚಾಯಿತು.

ಬರಿಗಾಲಿನವರ ವಿಷಯದಲ್ಲಿ ನಾನು ಹುಷಾರಾದದ್ದಕ್ಕೆ ಕಾರಣವಿತ್ತು. ಒಂದು ದಿನ ಕೆ.ಜಿ.ಎಫ್‌ನ ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲುಮನೆಗಳಿಂದ, ಒಬ್ಬ ಮುದುಕ ಬಂದಿದ್ದ. ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಎದೆಯಲ್ಲಿ ದೂಳು ಕೂತಿತ್ತು, ನಾಲ್ಕು ಹೆಜ್ಜೆಗೆ ಉಬ್ಬಸ. ಹೊಸದಾಗಿ ಓದಿದ್ದ ಹುಮ್ಮಸ್ಸಿನಲ್ಲಿ ನಾನು, ‘ನಿಧಾನವಾಗಿ ದಿನಾ ಸ್ವಲ್ಪ ಸ್ವಲ್ಪ ನಡೀಬೇಕು ತಾತಾ’ ಎಂದೆ.

‘ಸಾರ್, ಇಪ್ಪತ್ತಾರು ವರ್ಷ ಭೂಮಿ ಒಳಗೆ ನಡೆದಿದೀನಿ. ನಡೆದೇ ಈ ಮೂಚ್ಚು ಹಿಡಿದಿದ್ದು. ಈಗ ಮೇಲೆ ನಡೆದ್ರೆ ಬಿಟ್ಟೋಗುತ್ತಾ?’ ಎಂದ. ತಮಿಳಿನಲ್ಲಿ ಮೂಚ್ಚು ಎಂದರೆ ಉಸಿರು, ಅವನ ಬಾಯಲ್ಲಿ ಉಬ್ಬಸ. ಹಿಂದೆ ಸಾಲಿನಲ್ಲಿದ್ದವರೆಲ್ಲ ಮೂರು ಭಾಷೆಯಲ್ಲಿ ನಕ್ಕರು.

ನಡೆದರೆ ಅವನಿಗೆ ನಿಜವಾಗಿಯೂ ಅನುಕೂಲವಾಗುತ್ತಿತ್ತು. ಯಾಕೆ, ಹೇಗೆ ಎಂದು ಬಿಡಿಸಿ ಹೇಳಲು ಐದು ನಿಮಿಷ ಬೇಕಿತ್ತು, ನಗುವವರ ಎದುರು ನಿಂತು ಹೇಳುವ ಧೈರ್ಯವೂ ಬೇಕಿತ್ತು. ಐದು ನಿಮಿಷ ಹೇಗೋ ಹೊಂದಿಸಬಹುದಿತ್ತು. ಧೈರ್ಯ ಸ್ಟಾಕ್ ಇರಲಿಲ್ಲ. ಒಂದು ಬಿ ಕಾಂಪ್ಲೆಕ್ಸ್ ಸೂಜಿ ಚುಚ್ಚಿ ಕಳಿಸಿದೆ. ಸೂಜಿಗೆ ಯಾರೂ ನಗುವುದಿಲ್ಲ. ಅಂದಿನಿಂದ ದುಡಿಯುವವರ ಮುಂದೆ ನಡಿಗೆಯ ಸುದ್ದಿ ಎತ್ತುವುದನ್ನೇ ಬಿಟ್ಟೆ. ‘ಇವರೆಲ್ಲ ಹೇಗಿದ್ದರೂ ನಡೆಯುವವರೇ, ಇವರಿಗೆ ಯಾಕೆ ಹೇಳಬೇಕು’ ಎಂದು ನನಗೆ ನಾನೇ ಒಂದು ಸಮಜಾಯಿಷಿ ಕೊಟ್ಟುಕೊಂಡೆ. ಕೇಳಲು ವೈದ್ಯಶಾಸ್ತ್ರದ ಹಾಗೇ ಇತ್ತು.

ಒಮ್ಮೆ ಕೋಲಾರದಲ್ಲಿ ಡಾಕ್ಟರುಗಳಿಗೆಂದೇ ಒಂದು ದಿನದ ತರಬೇತಿ ನಡೆಯಿತು. ವಿಷಯ, ರೋಗಿಗಳಿಗೆ ವ್ಯಾಯಾಮದ ಬಗ್ಗೆ ತಿಳಿಹೇಳುವುದು ಹೇಗೆ. ಹೇಳಿಕೊಡಲು ಬಂದವರಿಗೆ ಮೇಜಿನ ಅಂಚಿನಿಂದ ಮೈಕಿಗೆ ಬಾಯಿ ಎಟುಕುತ್ತಿರಲಿಲ್ಲ, ಮಧ್ಯೆ ಹೊಟ್ಟೆ ಅಡ್ಡ ಬರುತ್ತಿತ್ತು. ‘ವೈದ್ಯ ತಾನು ನಡೆದರೆ ಮಾತ್ರ ರೋಗಿಗೆ ನಡೆ ಎನ್ನಲು ಬಾಯಿ ಬರುತ್ತದೆ’ ಎಂದು ಅವರು ಹೇಳಿದರು. ನಾವು ಬರೆದುಕೊಂಡೆವು. ಆಮೇಲೆ ರಸ್ತೆಯ ಆಚೆ ಬದಿಯಲ್ಲಿ ಬಿರಿಯಾನಿ ಊಟ ಇಟ್ಟಿದ್ದರು. ಅಷ್ಟು ದೂರಕ್ಕೆ ನಮ್ಮನ್ನು ಎರಡು ಟ್ರಿಪ್ಪಿನಲ್ಲಿ ಜೀಪಿನಲ್ಲಿ ಕರೆದೊಯ್ದರು.

ನಾನೂ ಕಡಿಮೆಯವನಲ್ಲ. ರಾಬರ್ಟ್‌ಸನ್‌ಪೇಟೆಯ ನಮ್ಮ ಬಾಡಿಗೆ ಮನೆಯಿಂದ ಮೂಲೆಯ ಅಂಗಡಿಗೆ ಬೆಂಕಿಪೊಟ್ಟಣ ತರಲೂ ಸ್ಕೂಟರ್ ಒದೆಯುತ್ತಿದ್ದೆ. ‘ಒದೆಯೋದೇ ನಿಮಗೆ ವ್ಯಾಯಾಮ’ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಇಷ್ಟು ಪೀಠಿಕೆ ಹಾಕಿದ್ದು ಅಮ್ಮನ ವಿಷಯಕ್ಕೆ ಬರಲು ಧೈರ್ಯ ಸಾಲದೆ. ಈಗ ಬರುತ್ತೇನೆ.

ನಮ್ಮೂರು ಕ್ಯಾಸಂಬಳ್ಳಿಯ ಕಡೆ. ಅಪ್ಪ ತೀರಿಕೊಂಡ ಮೇಲೆ ತಮ್ಮ, ಅವನ ಹೆಂಡತಿ, ಅಮ್ಮ ಊರಲ್ಲಿ ರಾಗಿ, ತರಕಾರಿ, ಮೂರು ಸೀಮೆಹಸು ನೋಡಿಕೊಂಡಿದ್ದರು. ನಮ್ಮೂರಲ್ಲಿ ಹಾಲಿನ ಡೈರಿ ಇರಲಿಲ್ಲ. ಒಂದೂವರೆ ಮೈಲಿ ದೂರದ ಪಕ್ಕದೂರಿಗೆ ಹೋಗಿ ಹಾಕಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಮ್ಮ ತಲೆ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಹಾಲಿನ ಕ್ಯಾನು ಇಟ್ಟು ಹೋಗಿಬರುತ್ತಿದ್ದಳು. ನಾನು ಡಾಕ್ಟರು ಓದಿದ್ದು ಆ ಕಾಲುಗಳ ಮೇಲೆ. ಉಪಮೆಯಾಗಿ ಹೇಳುತ್ತಿಲ್ಲ, ಕಾಲೇಜಿನ ಫೀಸು ಹಾಲಿನದ್ದೇ.

ನಾನು ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರು ‘ನಿಮ್ಮ ಊರಿನ ನಾಟಿಕೋಳಿ ಸಾರು ಯಾವಾಗ ತಿನ್ನಿಸ್ತೀರಿ’ ಎಂದು ಕೇಳುತ್ತಲೇ ಇದ್ದರು. ಒಂದು ಭಾನುವಾರ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗೆ ಹೊರಟೆ. ಊರು ಇನ್ನರ್ಧ ಮೈಲಿ ಇರುವಾಗ ಎದುರಿಗೆ ಅಮ್ಮ ಬಂದಳು. ಸೀರೆ ಮೇಲಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ತಲೆ ಮೇಲೆ ಕ್ಯಾನು. ಸ್ಕೂಟರಿನ ಶಬ್ದಕ್ಕೆ ಪಕ್ಕಕ್ಕೆ ಸರಿದು ನಿಂತಳು. ನನ್ನನ್ನು ನೋಡಿ ಮುಖ ಅರಳಿತು, ಒಂದು ಕೈ ಎತ್ತಿದಳು.

‘ಯಾರ್ರೀ ಅದು, ನಿಮ್ಮನ್ನ ನೋಡಿ ಕೈ ಎತ್ತಿದ್ದು?’ ಎಂದು ಹಿಂದಿನಿಂದ ದೊಡ್ಡ ಡಾಕ್ಟರು ಕೇಳಿದರು.

‘ಊರೋರು ಸಾರ್. ಎಲ್ರಿಗೂ ಪರಿಚಯ’ ಎಂದೆ. ಸ್ಕೂಟರ್ ನಿಲ್ಲಿಸಲಿಲ್ಲ.

ಒಂದು ಗಂಟೆಯಾದ ಮೇಲೆ ಅದೇ ‘ಊರೋರು’ ಮುಖ ತೊಳೆದು, ಸೀರೆ ಬದಲಾಯಿಸಿ, ಬಿಸಿ ಮುದ್ದೆ ತಂದು ದೊಡ್ಡ ಡಾಕ್ಟರ ತಟ್ಟೆಗೆ ಹಾಕಿದರು. ಅವರು ಒಮ್ಮೆ ಅಮ್ಮನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಮುದ್ದೆ ಮುರಿದರು. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೆ ಮಾನವಂತನಾದವನು ಏನು ಮಾಡಬೇಕು? ಅಮ್ಮನ ಕಾಲು ಹಿಡಿದುಕೊಳ್ಳಬೇಕು. ನಾನು ಆ ಕಾಲುಗಳನ್ನೇ ಕಟ್ಟಿಹಾಕಿದೆ. ಸಂಜೆ ದೊಡ್ಡ ಡಾಕ್ಟರನ್ನು ಬಸ್ಸು ಹತ್ತಿಸಿ ವಾಪಸು ಬಂದು, ‘ನಾಳೆಯಿಂದ ನೀನು ಹಾಲು ಹೊರೋದು ಬೇಡ. ಡಾಕ್ಟ್ರ ತಾಯಿ ಕ್ಯಾನು ಹೊತ್ಕೊಂಡು ಬೀದೀಲಿ ಹೋದ್ರೆ ಜನ ಏನಂತಾರೆ?’ ಎಂದು ಜೋರು ಮಾಡಿದೆ. ಪಕ್ಕದ ಮನೆಯವನ ಹತ್ತಿರ ಮೊಪೆಡ್ ಇತ್ತು, ನಮ್ಮ ಹಾಲನ್ನೂ ಅವನೇ ಹಾಕಿಬರುವ ಏರ್ಪಾಡು ಮಾಡಿದೆ. ಬಂಗಾರಪೇಟೆಯಿಂದ ಒಂದು ಬೆತ್ತದ ಕುರ್ಚಿ ತರಿಸಿ ಜಗಲಿಯ ಮೇಲೆ ಹಾಕಿಸಿದೆ. ಅಮ್ಮ ‘ಆಗ್ಲಿ ಕಣಪ್ಪಾ’ ಎಂದಳು. ಮೊದಲೆಲ್ಲ ‘ಬಾರ್ಲಾ, ಕುತ್ಕಳ್ಲಾ’ ಎನ್ನುತ್ತಿದ್ದವಳು ನಾನು ಡಾಕ್ಟರಾದ ಮೇಲೆ ‘ಕಣಪ್ಪಾ’ ಅನ್ನಲು ಶುರುಮಾಡಿದ್ದಳು.

ನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತಳು. ಸೊಸೆ ಕೆಲಸ ಮುಟ್ಟಲು ಬಿಡುತ್ತಿರಲಿಲ್ಲ, ಮಗ ಬೀದಿಗೆ ಹೋಗಲು ಬಿಡುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕುರ್ಚಿಯಲ್ಲಿ ಕೂತ ಅಮ್ಮನನ್ನು ನೋಡಿ ನನ್ನ ಎದೆ ಉಬ್ಬುತ್ತಿತ್ತು. ತಾಯಿಯನ್ನು ಸುಖವಾಗಿಟ್ಟಿದ್ದೇನೆ ಎಂದು ಎಷ್ಟು ಜನರ ಹತ್ತಿರ ಹೇಳಿಕೊಂಡೆನೋ.

ಬಚ್ಚಲಿನಲ್ಲಿ ಇರುವೆ ಮುತ್ತುತ್ತಿವೆ ಎಂದು ಮೊದಲು ಗಮನಿಸಿದ್ದು ತಮ್ಮನ ಹೆಂಡತಿ. ಆಗೆಲ್ಲ ಪರೀಕ್ಷೆ ನಮ್ಮ ಕೈಯಲ್ಲೇ ಆಗಬೇಕು. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತಾ ಹೋಗುತ್ತದೆ. ಅಮ್ಮನದು ಎಲ್ಲಿಯೂ ತಡೆಯದೆ ನೇರ ಇಟ್ಟಿಗೆ ಕೆಂಪಿಗೆ ಹೋಗಿ ನಿಂತಿತು.

ಮಾತ್ರೆ ಕೊಟ್ಟೆ. ಅನ್ನ ಬಿಡಿಸಿದೆ, ಬೆಲ್ಲ ಬಿಡಿಸಿದೆ, ಬಾಳೆಹಣ್ಣು ಬಿಡಿಸಿದೆ. ಒಂದು ಹಾಳೆಯಲ್ಲಿ ತಿನ್ನಬಾರದ್ದನ್ನೆಲ್ಲ ಬರೆದು ಗೋಡೆಗೆ ಅಂಟಿಸಿದೆ. ಅಕ್ಕಿ ಗಿರಣಿ ಯಜಮಾನರಿಗೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತಿದ್ದ ಆ ಒಂದು ಮಾತನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ. ‘ನಡಿ’ ಎಂದರೆ, ‘ನಿನ್ನನ್ನು ಕೂರಿಸಿದವನು ನಾನೇ, ಕೂರಿಸಿದ್ದೇ ತಪ್ಪು’ ಎಂದು ಒಪ್ಪಿಕೊಂಡ ಹಾಗೆ. ಬೇರೆಯವರ ತಪ್ಪಿಗೆ ಚೀಟಿ ಬರೆಯುವುದು ನನಗೆ ಅಭ್ಯಾಸವಾಗಿತ್ತು, ನನ್ನದಕ್ಕೆ ಪೆನ್ನು ಏಳುತ್ತಿರಲಿಲ್ಲ. ಆರು ತಿಂಗಳು ನಳಿಕೆ ಕೆಂಪಾಗಿಯೇ ಇತ್ತು. ನಾನು ಮಾತ್ರೆ ಏರಿಸುತ್ತಾ ಹೋದೆ.

ಒಂದು ದಿನ ಅಮ್ಮ ಬಚ್ಚಲಿನಿಂದ ಜಗಲಿಗೆ ಬಂದಳು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ‘ಇನ್ನೊಂದೆಲ್ಲಿ?’ ಎಂದೆ. ಕೆಳಗೆ ನೋಡಿಕೊಂಡು, ‘ಅಯ್ಯೋ, ಯಾವಾಗ ಜಾರ್ತೋ ಗೊತ್ತೇ ಆಗಲ್ಲ ಕಣಪ್ಪಾ’ ಎಂದಳು. ನಾನು ಹತ್ತಿಯ ಎಳೆ ತೆಗೆದುಕೊಂಡು, ಕಣ್ಣು ಮುಚ್ಚಿಸಿ, ಬೆರಳುಗಳಿಗೆ ತಾಗಿಸಿ ನೋಡಿದೆ. ‘ಗೊತ್ತಾದ್ರೆ ಹೇಳು’ ಎಂದೆ. ಎಡಗಾಲಿನ ಮೂರು ಬೆರಳಿಗೆ ತಾಗಿಸಿದ ಮೇಲೂ, ‘ಇನ್ನೂ ಶುರು ಮಾಡ್ಲಿಲ್ವಾ?’ ಎಂದಳು.

ಆಗ ಹೆದರಿದೆ. ಸಕ್ಕರೆಯವರ ಕಾಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ನಾನು ವಾರ್ಡಿನಲ್ಲಿ ದಿನಾ ನೋಡುತ್ತಿದ್ದೆ. ಬೆರಳು ಕಪ್ಪಾಗಿ, ಆಮೇಲೆ ಪಾದ, ಆಮೇಲೆ ಕೋಲಾರದ ಆಪರೇಷನ್ ಕೋಣೆ. ಈ ಸಕ್ಕರೆ ಇಳಿಯದಿದ್ದರೆ ಅಮ್ಮನ ಕಾಲು ಉಳಿಯುವುದಿಲ್ಲ. ಕೊನೆಗೂ ಬಾಯಿ ಬಿಟ್ಟೆ. ಆದರೆ ಅಲ್ಲೂ ನನ್ನ ಜಾಣತನ ಬಿಡಲಿಲ್ಲ. ಹಾಲಿನ ಸುದ್ದಿ ಎತ್ತದೆ, ‘ನಾಳೆಯಿಂದ ದಿನಾ ಬೆಳಿಗ್ಗೆ ಒಂದು ಗಂಟೆ ನಡಿಯಮ್ಮ’ ಎಂದೆ.

‘ಎಲ್ಲಿಗಪ್ಪಾ?’

‘ಎಲ್ಲಿಗೂ ಇಲ್ಲ. ಸುಮ್ನೆ ನಡಿ.’

ಅಮ್ಮ ನನ್ನ ಮುಖವನ್ನು ಅನುಮಾನದಿಂದ ನೋಡಿದಳು. ಆದರೂ ಡಾಕ್ಟರು ಹೇಳಿದ ಮೇಲೆ ಮುಗಿಯಿತು. ‘ಆಗ್ಲಿ’ ಎಂದಳು.

ನಮ್ಮ ಕಡೆಯ ರಸ್ತೆಗಳ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಎದುರಿಗೆ ಸಿಕ್ಕವರು ‘ನಮಸ್ಕಾರ’ ಎನ್ನುವುದಿಲ್ಲ, ‘ಎಲ್ಗೆ ಒಂಟೆ?’ ಎನ್ನುತ್ತಾರೆ. ಹೊರಟದ್ದು ಎಲ್ಲಿಗೆ ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೊಲಕ್ಕೆ, ಡೈರಿಗೆ, ಸಂತೆಗೆ, ಮಗಳ ಮನೆಗೆ, ಏನಾದರೊಂದು ಇರಬೇಕು. ಕೈಯಲ್ಲೋ ತಲೆಯಲ್ಲೋ ಅದಕ್ಕೆ ತಕ್ಕ ಸಾಮಾನೂ ಇರಬೇಕು. ಬರಿಗೈಯಲ್ಲಿ ಸುಮ್ಮನೆ ನಡೆಯುವ ಗಂಡಸು ಕುಡಿದಿದ್ದಾನೆ ಎಂದರ್ಥ. ಹೆಂಗಸಾದರೆ ಮನೆಯಲ್ಲಿ ಜಗಳವಾಗಿದೆ ಎಂದರ್ಥ. ಇದೆಲ್ಲ ಆ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಸ್ಕೂಟರ್ ಬಂದ ಮೇಲೆ ನನ್ನನ್ನು ಯಾರೂ ನಿಲ್ಲಿಸಿ ಕೇಳುತ್ತಿರಲಿಲ್ಲ, ಮರೆತಿದ್ದೆ.

ಮಾರನೆಯ ದಿನ ಹೊತ್ತಾರೆ ಎದ್ದು ಅಮ್ಮ ಬರಿಗೈಯಲ್ಲಿ ಹೊರಟಳು. ಹಾಲಿನ ದಾರಿಯಲ್ಲಿ ಹೋದರೆ ನಾನು ಸಿಟ್ಟಾಗಬಹುದೆಂದು ಕೆರೆಯ ಕಡೆ ತಿರುಗಿದಳು. ನೀರು ಹಾಯಿಸಲು ಹೊರಟಿದ್ದ ಒಬ್ಬ ಎದುರಾದ.

‘ಎಲ್ಗಕ್ಕಾ ಒಂಟೆ ಇಷ್ಟೊತ್ತಾರೆ?’

‘ಎಲ್ಗೂ ಇಲ್ಲ ಕಣಪ್ಪಾ. ಸುಮ್ನೆ.’

ವಯಸ್ಸಾದ ಹೆಂಗಸು, ಬರಿಗೈ, ಎದುರಿಗೆ ಕೆರೆ, ಉತ್ತರ ‘ಸುಮ್ನೆ’. ಅವನು ಗುದ್ದಲಿ ಅಲ್ಲೇ ಬಿಸಾಕಿ ಇನ್ನಿಬ್ಬರನ್ನು ಕೂಗಿದ. ಕೆರೆ ಏರಿ ಹತ್ತುವ ಮೊದಲೇ ಅಮ್ಮನ ಎರಡು ರಟ್ಟೆಗೂ ಒಬ್ಬೊಬ್ಬರು ಜೋತುಬಿದ್ದಿದ್ದರು. ‘ಸೊಸೆ ಏನಾರ ಅಂದ್ಲಾ ಅಕ್ಕಾ? ಚಿಕ್ಕೋಳು, ಮನಸಿಗೆ ಅಚ್ಕೋಬ್ಯಾಡ’ ಎಂದು ಸಮಾಧಾನ ಮಾಡುತ್ತಾ ಮೆರವಣಿಗೆಯಲ್ಲಿ ಮನೆಗೆ ಕರೆತಂದರು. ಒಳಗೆ ಮುದ್ದೆ ತಿರುವುತ್ತಿದ್ದ ತಮ್ಮನ ಹೆಂಡತಿಯನ್ನು ಹೊರಗೆ ಕರೆದು ಬೀದಿಯವರೆಲ್ಲ ಸೇರಿ ಬುದ್ಧಿ ಹೇಳಿದರು. ‘ಅವಳೇನೂ ಅಂದಿಲ್ಲ, ನಮ್ ಮಗನೇ ನಡಿ ಅಂದಿದ್ದು’ ಎಂದು ಅಮ್ಮ ಕೂಗಿದ್ದಕ್ಕೆ ಒಬ್ಬಾಕೆ, ‘ಡಾಕ್ಟ್ರು ಯಾರಾನ ಸುಮ್ನೆ ನಡಿ ಅಂತಾರಾ? ಸೊಸೇನ ಬಿಟ್ಕೊಡಬಾರ್ದು ಅಂತ ಸುಳ್ ಏಳ್ತಾವ್ಳೆ, ಎಂಥಾ ಅತ್ತೆ ನೋಡ್ರವ್ವಾ’ ಎಂದು ಕಣ್ಣೊರೆಸಿಕೊಂಡಳಂತೆ.

ಎರಡು ದಿನವಾದ ಮೇಲೆ ತಮ್ಮನ ಹೆಂಡತಿ ಬಸ್ಸಿನಲ್ಲಿ ಆಸ್ಪತ್ರೆಗೇ ಬಂದು ಅತ್ತಳು. ‘ಬಾವಾ, ನೀವೇ ಬಂದು ಒಂದ್ ಮಾತು ಏಳ್ಬಿಡಿ. ನೀರಿಗೋದ್ರೆ ಎಲ್ರೂ ನನ್ನೇ ನೋಡ್ತಾರೆ’ ಎಂದಳು. ‘ಅತ್ತೆ ಇನ್ ನಡ್ಯಲ್ವಂತೆ. ಕಾಲು ಓದ್ರೂ ಓಗ್ಲಿ, ಸೊಸೆ ಮಾನ ಕಳ್ಯಲ್ಲ ಅಂತವ್ಳೆ.’

ಅವಳು ಹೋದ ಮೇಲೆ ಡ್ರೆಸಿಂಗ್ ಕೋಣೆಯಿಂದ ನಮ್ಮ ಹಿರಿಯ ನರ್ಸ್ ಹೊರಗೆ ಬಂದರು. ಗಣಿ ಕೆಲಸದವರ ಮಗಳು, ಲೈನ್ ಮನೆಯಲ್ಲಿ ಬೆಳೆದವರು, ಕೆ.ಜಿ.ಎಫ್‌ನಿಂದ ದಿನಾ ರೈಲಿನಲ್ಲಿ ಬಂದು ಸ್ಟೇಷನ್ನಿನಿಂದ ನಡೆದೇ ಬರುವವರು. ಎಲ್ಲ ಕೇಳಿಸಿಕೊಂಡಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಅಯ್ಯೋ ಕಡವುಳೇ, ದೇವರೇ! ಡಾಕ್ಟರ್, ಸುಮ್ನೆ ನಡಿ ಅಂದ್ರೆ ಯಾರು ನಡೀತಾರೆ? ಎಲ್ಲಿಗೆ ಅಂತ ನೀವೇ ಹೇಳಬೇಕು. ನಾನು ಹೇಗೆ ಹೇಳ್ತೀನಿ ಗೊತ್ತಾ?’

ಆಗ ತಿಳಿಯಿತು. ನನ್ನ ಕೋಣೆಯಿಂದ ಸೂಜಿ ಚೀಟಿ ಹಿಡಿದು ಹೊರಬಂದ ಬರಿಗಾಲಿನವರಿಗೆಲ್ಲ ಈಕೆ ಇಷ್ಟು ವರ್ಷ ನಡಿಗೆ ಹೇಳುತ್ತಾ ಬಂದಿದ್ದರು. ಯಾರೂ ನಕ್ಕಿರಲಿಲ್ಲ. ಹಿಂದೂ ಹೆಂಗಸಾದರೆ ‘ಊರಾಚೆ ಅಮ್ಮನ ಗುಡಿಗೆ ನಲವತ್ತೆಂಟು ದಿನ ನಡಕೊಂಡು ಬರ್ತೀನಿ ಅಂತ ಹರಕೆ ಹೊತ್ಕೋ’ ಎನ್ನುತ್ತಿದ್ದರು. ಕ್ರೈಸ್ತರಿಗೆ ಚರ್ಚು, ಸಾಬರಿಗೆ ದರ್ಗಾ. ಯಾವುದಾದರೂ ಸರಿ, ಒಂದು ಮೈಲಿಗಿಂತ ಹತ್ತಿರದ ದೇವರು ಆಗಬಾರದು. ನಾನು ಚಪ್ಪಲಿ ನೋಡಿ ಮದ್ದು ಬರೆಯುತ್ತಿದ್ದರೆ ಆಕೆ ಕುಂಕುಮ, ಶಿಲುಬೆ, ಬುರ್ಖಾ ನೋಡಿ ದೇವರನ್ನು ಬರೆದುಕೊಡುತ್ತಿದ್ದರು. ನಲವತ್ತೆಂಟು ದಿನ ನಡೆದ ಕಾಲು ಆಮೇಲೆ ಕೂರುವುದಿಲ್ಲವಂತೆ.

ಆ ವಾರವೇ ಊರಿಗೆ ಹೋದೆ. ಮೊದಲು ಬೀದಿಯವರ ಮುಂದೆ ನಿಂತು, ನಡಿ ಎಂದವನು ನಾನೇ ಎಂದು ಹೇಳಿ ತಮ್ಮನ ಹೆಂಡತಿಯ ತಲೆ ಮೇಲಿನ ಭಾರ ಇಳಿಸಿದೆ. ‘ಡಾಕ್ಟ್ರಿಗೂ ತಲೆ ಕೆಟ್ಟೈತೆ’ ಎಂದು ಜನ ಅದನ್ನು ನನ್ನ ತಲೆಗೆ ಹಾಕಿದರು. ಆಮೇಲೆ ಅಮ್ಮನ ಪಕ್ಕ ಕೂತು ನರ್ಸಿನ ಹರಕೆಯನ್ನು ನನ್ನದೇ ಎಂಬಂತೆ ಹೇಳಿದೆ.

ಅಮ್ಮ ಕೈ ಆಡಿಸಿಬಿಟ್ಟಳು. ‘ಬ್ಯಾಡಪ್ಪಾ. ನನ್ ಮಗ ಡಾಕ್ಟ್ರು. ನಾನೋಗಿ ದೇವ್ರಿಗ್ ಅರಕೆ ಒತ್ಕೊಂಡ್ರೆ, ಮಗನ ಔಸ್ತಿ ನಾಟ್ಲಿಲ್ಲ ಅಂತಾರೆ. ನಿನ್ ಎಸರು ಕೆಡತೈತೆ.’

ಇನ್ನು ಉಳಿದದ್ದು ಒಂದೇ. ನರ್ಸ್ ನನ್ನನ್ನು ಒಂದು ಪ್ರಶ್ನೆ ಕೇಳಿ ಕಳಿಸಿದ್ದರು. ‘ನಿಮ್ಮ ತಾಯಿ ಮೊದಲು ಎಲ್ಲಿಗೆ ನಡೀತಾ ಇದ್ರು?’ ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಹಾಲಿನ ಕ್ಯಾನು ಎಂದು ನನ್ನ ಬಾಯಿಂದಲೇ ಬರಬೇಕಿತ್ತು. ಅದು ಬಾರದೆ ಅರ್ಧ ದಿನ ಹೊಲಕ್ಕೆ ಹೋದೆ, ಹಸು ನೋಡಿದೆ, ತಮ್ಮನ ಜೊತೆ ಟೊಮೇಟೊ ರೇಟಿನ ಬಗ್ಗೆ ಮಾತಾಡಿದೆ. ಅವತ್ತು ನಾನು ಅಮ್ಮನ ಕಾಲಿಗಿಂತ ಹೆಚ್ಚು ನನ್ನ ಮರ್ಯಾದೆಗಾಗಿಯೇ ಹೆದರಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಸಂಜೆ ಹಾಲು ಕರೆದು ಪಕ್ಕದ ಮನೆಯವನ ಮೊಪೆಡ್ಡಿಗೆ ಕ್ಯಾನು ಕಟ್ಟುತ್ತಿದ್ದರು. ಎದ್ದು ಹೋಗಿ ಹಗ್ಗ ಬಿಚ್ಚಿದೆ.

‘ಇನ್ಮೇಲೆ ಹಾಲು ಅಮ್ಮನೇ ತಗೊಂಡೋಗ್ಲಿ’ ಎಂದೆ.

ತಮ್ಮ, ‘ಅಣ್ಣಾ, ಬ್ಯಾಡ ಅಂದೋನು ನೀನೇ’ ಎಂದ.

‘ನಾನೇ. ಅಂದಿದ್ದು ತಪ್ಪು.’

ಅಮ್ಮ ಕುರ್ಚಿಯಿಂದ ಏಳಲಿಲ್ಲ. ‘ಜನ ಏನಂತಾರಪ್ಪಾ?’ ಎಂದಳು. ಚುಚ್ಚಿ ಕೇಳಿದ್ದಲ್ಲ. ನಾನು ಕಲಿಸಿದ ಮಾತನ್ನು ನಿಜವಾಗಿ ನಂಬಿ ಕೇಳಿದಳು.

‘ಏನಾದ್ರೂ ಅನ್ಲಿ. ನಾನೂ ಜೊತೇಲಿ ಬರ್ತೀನಿ.’

‘ನಡ್ಕೊಂಡಾ?’ ಎಂದು ನನ್ನ ಹೊಟ್ಟೆ ನೋಡಿದಳು.

ಸ್ಪರ್ಶ ಇಲ್ಲದ ಬೆರಳಿಗೆ ಬರಿಗಾಲು ಆಗದೆಂದು ಬಂಗಾರಪೇಟೆಯಿಂದ ಒಂದು ಜೊತೆ ಕ್ಯಾನ್ವಾಸ್ ಬೂಟು ತಂದಿದ್ದೆ. ತರುವಾಗ ಹರಕೆಗೆಂದು ತಂದದ್ದು. ಅಮ್ಮ ಸೀರೆಯ ಕೆಳಗೆ ಅದನ್ನು ಹಾಕಿಕೊಂಡು, ನಾಲ್ಕು ಹೆಜ್ಜೆ ಹಾಕಿ ನೋಡಿ, ಸಿಂಬಿ ಸುತ್ತಿ ತಲೆಗಿಟ್ಟಳು. ತಮ್ಮ ಕ್ಯಾನು ಎತ್ತಿ ಇಟ್ಟ. ಅಮ್ಮನ ಒಂದು ಕೈ ತಾನಾಗಿಯೇ ಮೇಲೆ ಹೋಗಿ ಕ್ಯಾನು ಹಿಡಿಯಿತು, ಬೆನ್ನು ನೆಟ್ಟಗಾಯಿತು. ನಾಲ್ಕು ವರ್ಷ ಕುರ್ಚಿಯಲ್ಲಿ ನಾನು ನೋಡುತ್ತಿದ್ದ ಮುದುಕಿ ಎಲ್ಲಿ ಹೋದಳೋ.

ಆಮೇಲಿನ ಒಂದೂವರೆ ಮೈಲಿ ನನ್ನ ಪಾಲಿಗೆ ಚೆನ್ನಾಗಿರಲಿಲ್ಲ. ಅರ್ಧ ಮೈಲಿಗೆ ಬೆವರು, ಮುಕ್ಕಾಲು ಮೈಲಿಗೆ ಏದುಸಿರು. ಅಮ್ಮ ಹತ್ತು ಮಾರು ಮುಂದೆ ಹೋಗಿ ನಿಂತು ಕಾಯುವಳು, ನಾನು ಮುಟ್ಟಿದ ಕೂಡಲೆ ಮತ್ತೆ ಹೊರಡುವಳು. ದಾರಿಯಲ್ಲಿ ಸಿಕ್ಕವರು ‘ಎಲ್ಗಕ್ಕಾ?’ ಎಂದರೆ ‘ಡೈರಿಗೆ’ ಎನ್ನುವಳು. ಅಷ್ಟೇ, ಯಾರೂ ರಟ್ಟೆ ಹಿಡಿಯಲಿಲ್ಲ. ನನ್ನನ್ನು ಮಾತ್ರ ಪ್ರತಿಯೊಬ್ಬನೂ ನಿಲ್ಲಿಸಿ, ‘ಏನ್ ಡಾಕ್ಟ್ರೇ, ಸ್ಕೂಟ್ರು ಕೆಟ್ಟೋಯ್ತಾ?’ ಎಂದು ವಿಚಾರಿಸಿದ. ಮೂರು ತಿಂಗಳ ಮೇಲೆ ಅಮ್ಮನ ನಳಿಕೆ ಹಸಿರಿಗೆ ಇಳಿಯಿತು. ಬೆರಳಿನ ಸ್ಪರ್ಶ ವಾಪಸು ಬರಲಿಲ್ಲ, ಆದರೆ ಕಾಲು ಕೊನೆಯವರೆಗೂ ಅವಳದಾಗಿಯೇ ಉಳಿಯಿತು. ಆ ಸಂಜೆ ಅದೆಲ್ಲ ನನಗೆ ಗೊತ್ತಿರಲಿಲ್ಲ. ಉಸಿರು ಸಿಕ್ಕರೆ ಸಾಕಾಗಿತ್ತು.

ಡೈರಿಯ ಮುಂದೆ ಹತ್ತು ಹನ್ನೆರಡು ಜನ ಹಾಲು ಹಿಡಿದು ಸಾಲಾಗಿ ನಿಂತಿದ್ದರು. ಅಮ್ಮ ಹೋಗಿ ಸಾಲಿನ ಕೊನೆಗೆ ನಿಂತಳು, ನಾನು ಅವಳ ಹಿಂದೆ ನಿಂತೆ. ಅಮ್ಮನ ಸರದಿ ಬಂದಾಗ ಹಾಲು ಅಳೆಯುವ ಸೆಕ್ರೆಟರಿ ತಲೆ ಎತ್ತಿ ಬಾಯಿ ಬಿಟ್ಟ.

‘ಅಕ್ಕಾ! ನಾಕ್ ವರ್ಸ ಆಯ್ತಲ್ಲಕ್ಕಾ ನಿನ್ ಮುಖ ನೋಡಿ! ಮಂಡಿ ವಾಸಿ ಆಯ್ತಾ?’

ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಮಂಡಿ ನೋವು ಎಂದೂ ಇರಲಿಲ್ಲ. ಸಾಲಿನಲ್ಲಿದ್ದ ಒಬ್ಬ ಹೆಂಗಸು ನನ್ನ ಕಡೆ ತಿರುಗಿ, ‘ಎರಡ್ ಮಂಡೀನೂ ಇಡ್ಕೊಂಬಿಟ್ಟಿತ್ತಲ್ಲ, ಪಾಪ. ಮೊದ್ಲು ಮೊದ್ಲು ಸಿಕ್ದಾಗೆಲ್ಲ ಏಳೋಳು, ಮಗ ಓಗ್ ಬಾ ಅಂತಾನೆ, ನನ್ ಕೈಲೇ ಆಗಲ್ಲ ಅಂತ’ ಎಂದಳು.

ನಾಲ್ಕು ವರ್ಷ ಅಮ್ಮ ಎರಡೂರಿನವರಿಗೂ ಹೇಳಿಕೊಂಡು ಬಂದದ್ದು ಅದನ್ನೇ. ಮಗ ಬೇಡ ಎಂದ ಎಂದು ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಾದ ಮಗನಿಗೆ ತಾಯಿಯ ಹಾಲಿನ ಕ್ಯಾನು ನಾಚಿಕೆಯಾಯಿತು ಎಂದು ಯಾರೂ ಅನ್ನಬಾರದೆಂದು, ಇಲ್ಲದ ನೋವನ್ನು ತನ್ನ ಮಂಡಿಗೆ ತಂದುಕೊಂಡು ಕೂತಿದ್ದಳು. ಆ ಭಾನುವಾರ ರಸ್ತೆ ಪಕ್ಕ ಕೈ ಎತ್ತಿ ನಿಂತವಳಿಗೆ ಎಲ್ಲ ಗೊತ್ತಾಗಿತ್ತು.

ಅಮ್ಮ ಯಾರ ಮುಖವನ್ನೂ ನೋಡದೆ ಹಾಲನ್ನು ಅಳತೆಗೆ ಸುರಿಯುತ್ತಿದ್ದಳು. ಸುರಿಯುತ್ತಲೇ, ‘ಆಯ್ತು ಕಣಪ್ಪಾ. ನಮ್ ಮಗನೇ ವಾಸಿ ಮಾಡ್ದ’ ಎಂದಳು.

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ಗೌರವದಿಂದ ನೋಡಿದರು. ಒಬ್ಬ ಮುದುಕ ಆಗಲೇ ಪಂಚೆ ಮೇಲೆತ್ತಿ, ‘ಡಾಕ್ಟ್ರೇ, ನಂದೂ ಒಸಿ ನೋಡಿ’ ಎಂದು ಮಂಡಿ ಚಾಚಿದ. ಅವನ ಹಿಂದೆ ಇನ್ನಿಬ್ಬರು ಬಂದು ನಿಂತರು. ನಾನು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವರ ಮಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಬೇಕಾದ್ದಕ್ಕಿಂತ ಬಹಳ ಹೊತ್ತು ನೋಡಿದೆ. ತಲೆ ಎತ್ತಿದರೆ ಎದುರಿಗೆ ನಿಂತಿದ್ದ ಅಮ್ಮನ ಮುಖ ನೋಡಬೇಕಾಗುತ್ತಿತ್ತು.